ಹಳೆಯ ಕಾರಿನ ಜೊತೆಗೆ ಅದರ ಪುಸ್ತಕವೂ ಇರಲಿ

ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಅದು ಮುಗಿದ ಮೇಲೂ ಕಾರನ್ನು ಇಟ್ಟುಕೊಳ್ಳುವವರು ಆರ್‌ಟಿಓ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಬೇಕು. 2022ರ ಏಪ್ರಿಲ್‌ನಲ್ಲಿ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಲ್ಲಿಂದೀಚೆಗೆ ಹಳೆಯ ಕಾರಿರುವ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ: ಇಟ್ಟುಕೊಳ್ಳುವುದೋ, ಮಾರುವುದೋ, ಗುಜರಿಗೆ ಹಾಕುವುದೋ? ಹೆಚ್ಚಿನವರಿಗೆ ಇದರ ಉತ್ತರ ಸಿಗುವುದು ಗ್ಯಾರೇಜಿನಲ್ಲಿ. "ಕ್ಲಚ್ ಹೋಗಿದೆ, ಇಂಜಿನ್ ಕೆಲಸವೂ ಬರುತ್ತೆ ಸಾರ್" ಎಂದರೆ ಮಾಲೀಕರು ಹೌದೆನ್ನುತ್ತಾರೆ, ಇಲ್ಲವೇ ಅನುಮಾನಪಟ್ಟು ಇನ್ನೊಂದು ಗ್ಯಾರೇಜಿಗೆ ಹೋಗುತ್ತಾರೆ. ಒಪ್ಪುವುದಕ್ಕೂ ಅವರ ಕೈಯಲ್ಲಿ ಆಧಾರವಿಲ್ಲ, ಅನುಮಾನಪಡುವುದಕ್ಕೂ ಆಧಾರವಿಲ್ಲ. ಆ ಆಧಾರ ಇರುವುದು ದುರಸ್ತಿ ಕೈಪಿಡಿಯಲ್ಲಿ. ಹಳೆಯ ಕಾರಿನ ಮಾಲೀಕರು ಸ್ಪ್ಯಾನರ್ ಹಿಡಿಯಲಿ ಬಿಡಲಿ, ಆ ಕಾರಿನ ಕೈಪಿಡಿಯನ್ನು ಸಂಪಾದಿಸಿ ಓದಬೇಕು, ಅದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗಬೇಕು ಎಂಬುದು ಈ ಲೇಖನದ ವಾದ.

ಕೈಪಿಡಿ ಎಂದಾಗ ಬಹಳಷ್ಟು ಜನರಿಗೆ ನೆನಪಾಗುವುದು ಹೊಸ ಕಾರಿನ ಜೊತೆ ಗ್ಲವ್ ಬಾಕ್ಸ್‌ನಲ್ಲಿ ಬರುವ ಪುಸ್ತಕ. ವೈಪರ್ ಹಾಕುವುದು ಹೇಗೆ, ಸ್ಟೆಪ್ನಿ ಬದಲಾಯಿಸುವುದು ಹೇಗೆ, ಟೈರಿಗೆ ಎಷ್ಟು ಗಾಳಿ, ಯಾವ ದರ್ಜೆಯ ಆಯಿಲ್ ಎಂಬುದೆಲ್ಲ ಅದರಲ್ಲಿರುತ್ತದೆ. ಅದು ಕಾರು ಬಳಸುವವರಿಗಾಗಿ ಬರೆದದ್ದು. ಎರಡನೆಯದು ಸರ್ವೀಸ್ ಮ್ಯಾನ್ಯುಯಲ್. ಇದನ್ನು ಕಂಪನಿ ತನ್ನ ಅಧಿಕೃತ ವರ್ಕ್‌ಶಾಪ್‌ಗಳಿಗಾಗಿ ಬರೆಸುತ್ತದೆ. ಯಾವ ಭಾಗವನ್ನು ಯಾವ ಕ್ರಮದಲ್ಲಿ ಬಿಚ್ಚಬೇಕು, ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಎರಡು ಭಾಗಗಳ ನಡುವಿನ ಸಂದು ಎಷ್ಟಿರಬೇಕು, ಯಾವ ಅಳತೆಗೆ ಸವೆದರೆ ಬದಲಾಯಿಸಬೇಕು ಎಂಬುದೆಲ್ಲ ಅಂಕಿಗಳಲ್ಲಿ ಇರುವುದು ಇದರಲ್ಲಿ. ಮೂರನೆಯದು ಬಿಡಿಭಾಗಗಳ ಪಟ್ಟಿ. ಪ್ರತಿ ನಟ್ಟು, ವಾಷರ್, ರಬ್ಬರ್ ಬುಷ್‌ಗೂ ಚಿತ್ರ ಮತ್ತು ಪಾರ್ಟ್ ನಂಬರ್ ಅಲ್ಲಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ "ಆ ಕಾರಿನ ಸಸ್ಪೆನ್ಷನ್ ಬುಷ್ ಕೊಡಿ" ಎನ್ನುವವರಿಗೂ ನಂಬರ್ ಬರೆದ ಚೀಟಿ ತಂದವರಿಗೂ ಸಿಗುವ ವಸ್ತು ಒಂದೇ ಆಗಿರಬೇಕೆಂದಿಲ್ಲ. ಹೊಸ ಕಾರಿಗೆ ಮೊದಲನೆಯ ಪುಸ್ತಕ ಸಾಕು. ವಾರಂಟಿ ಮುಗಿದು, ಶೋರೂಮಿನ ನಂಟು ಬಿಟ್ಟು, ಬೀದಿಯ ಗ್ಯಾರೇಜಿಗೆ ಬಂದ ಕಾರಿಗೆ ಉಳಿದೆರಡೂ ಬೇಕು.

ಈ ಎರಡನೆಯ ಬಗೆಯ ತಿಳಿವಳಿಕೆಯನ್ನು ಸಾಮಾನ್ಯರಿಗಾಗಿ ಬರೆಯಬಹುದು ಎಂದು ತೋರಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಜಾನ್ ಹೇನ್ಸ್ ಅವರದು. 1938ರಲ್ಲಿ ಸಿಲೋನಿನಲ್ಲಿ ಹುಟ್ಟಿದ ಅವರು ಶಾಲೆಯಲ್ಲಿರುವಾಗಲೇ ಹಳೆಯ ಆಸ್ಟಿನ್ 7 ಕಾರನ್ನು ಮಾರ್ಪಡಿಸುವ ಬಗ್ಗೆ ಪುಟ್ಟ ಪುಸ್ತಕವೊಂದನ್ನು ತಾವೇ ಅಚ್ಚು ಹಾಕಿಸಿ ಮಾರಿದರು. ಮುಂದೆ ಬ್ರಿಟಿಷ್ ವಾಯುಪಡೆಯಲ್ಲಿದ್ದಾಗ ಗೆಳೆಯರೊಬ್ಬರು ಕೊಂಡ ಹಳೆಯ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಸರಿಪಡಿಸುವ ಕೆಲಸ ಬಂತು. ಕಂಪನಿಯ ಕೈಪಿಡಿ ಇತ್ತು, ಆದರೆ ಅದು ತರಬೇತಿ ಪಡೆದ ಮೆಕ್ಯಾನಿಕ್‌ಗಳಿಗಾಗಿ ಬರೆದದ್ದು, ಸಾಮಾನ್ಯ ಮಾಲೀಕರಿಗೆ ಉಪಯೋಗಕ್ಕೆ ಬರುವಂತಿರಲಿಲ್ಲ. ಹೇನ್ಸ್ ಇಂಜಿನ್ನನ್ನು ಬಿಚ್ಚುತ್ತ ಜೋಡಿಸುತ್ತ ಪ್ರತಿ ಹಂತದ ಫೋಟೊ ತೆಗೆದರು, ಆ ಫೋಟೊಗಳ ಕೆಳಗೆ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದರು. 1966ರಲ್ಲಿ ಅದು ಪುಸ್ತಕವಾಗಿ ಬಂತು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಸಂಸ್ಥೆಯ ಕೈಪಿಡಿಗಳ 20 ಕೋಟಿಗೂ ಹೆಚ್ಚು ಪ್ರತಿಗಳು ಲೋಕದಾದ್ಯಂತ ಮಾರಾಟವಾಗಿದ್ದವು. ಅಮೆರಿಕದಲ್ಲಿ 1969ರಲ್ಲಿ ಜಾನ್ ಮ್ಯೂರ್ ಎಂಬ ಇಂಜಿನಿಯರ್ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಬರೆದ ಕೈಪಿಡಿಯೂ ಇದೇ ದಾರಿಯದು. ಸ್ಪ್ಯಾನರ್ ಮುಟ್ಟದವರನ್ನೇ ಎದುರಿಗಿಟ್ಟುಕೊಂಡು, ಕೈಯಿಂದ ಬಿಡಿಸಿದ ಚಿತ್ರಗಳೊಂದಿಗೆ, ಮಾತನಾಡುವ ಧಾಟಿಯಲ್ಲಿ ಬರೆದ ಆ ಪುಸ್ತಕ ದಶಕಗಳ ಕಾಲ ಮರುಮುದ್ರಣ ಕಂಡಿತು.

ಹೇನ್ಸ್ ಕೈಪಿಡಿಗಳ ಬೆಲೆ ಅವು ಮಾರಾಟವಾದ ಲೆಕ್ಕದಲ್ಲಷ್ಟೇ ಇಲ್ಲ, ಅವು ಹುಟ್ಟಿದ ರೀತಿಯಲ್ಲೂ ಇದೆ. ನಿಜವಾದ ಕಾರೊಂದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ ಅನುಭವದ ಮೇಲೆ ಬರೆಯುವುದು ಆ ಸಂಸ್ಥೆಯ ಹೆಗ್ಗುರುತಾಗಿತ್ತು. ತುಕ್ಕು ಹಿಡಿದು ಬಾರದ ಬೋಲ್ಟು, ಕೈ ತೂರಿಸಲಾಗದ ಮೂಲೆ, ಬಿಚ್ಚಿದಾಗ ಸಿಡಿದು ಬೀಳುವ ಸ್ಪ್ರಿಂಗು, ಇವೆಲ್ಲ ಬರೆಯುವವರ ಕೈಗೇ ತಾಕಿದ ಕಷ್ಟಗಳು. ಹೊಸ ಕಾರನ್ನು ಕಟ್ಟುವ ಕಾರ್ಖಾನೆಗೆ ಈ ಕಷ್ಟಗಳು ಕಾಣುವುದಿಲ್ಲ, ಹಳೆಯ ಕಾರನ್ನು ಬಿಚ್ಚುವವರಿಗೆ ದಿನವೂ ಎದುರಾಗುತ್ತವೆ. ಪ್ರತಿ ಕೆಲಸದ ಆರಂಭದಲ್ಲಿ ಒಂದರಿಂದ ಐದರವರೆಗೆ ಸ್ಪ್ಯಾನರ್ ಗುರುತು ಹಾಕುವುದು ಈ ಪುಸ್ತಕಗಳ ಇನ್ನೊಂದು ಪದ್ಧತಿ. ಒಂದು ಸ್ಪ್ಯಾನರ್ ಎಂದರೆ ಹೊಸಬರೂ ಮಾಡಬಹುದಾದ ಕೆಲಸ, ಐದು ಎಂದರೆ ಪಳಗಿದ ವೃತ್ತಿಪರರಿಗೆ ಬಿಡಬೇಕಾದದ್ದು. "ಇಲ್ಲಿಯವರೆಗೆ ನೀವು ಮಾಡಿ, ಇಲ್ಲಿಂದಾಚೆ ಬೇಡ" ಎಂದು ಮೊದಲೇ ಹೇಳಿಬಿಡುವ ಪ್ರಾಮಾಣಿಕತೆ ಅದು.

ಇಷ್ಟಕ್ಕೂ ಕಾರಿಗೆ ವಯಸ್ಸಾಗುವುದು ಎಂದರೇನು? ನಾವು ಕಿಲೋಮೀಟರ್ ನೋಡಿ ವಯಸ್ಸು ಅಳೆಯುತ್ತೇವೆ. ಕಡಿಮೆ ಓಡಿದ ಕಾರಿಗೆ ಸರ್ವೀಸ್ ಬೇಡ ಎಂಬ ನಂಬಿಕೆ ಇದರಿಂದಲೇ ಬಂದದ್ದು. ಆದರೆ ಯಾವುದೇ ಸರ್ವೀಸ್ ಪಟ್ಟಿ ತೆರೆದರೂ ಅಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದಕ್ಕೆ ಎಂಬ ಸೂಚನೆಯೂ ಇರುತ್ತದೆ. ನಿಂತ ಕಾರಿನಲ್ಲೂ ರಬ್ಬರ್ ಗಡುಸಾಗಿ ಬಿರಿಯುತ್ತದೆ, ಕೂಲೆಂಟ್‌ನಲ್ಲಿರುವ ತುಕ್ಕುನಿರೋಧಕ ಅಂಶ ಕ್ಷೀಣಿಸುತ್ತದೆ, ಬ್ಯಾಟರಿ ಇಳಿಯುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೇ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಟೈರಿನ ಮೇಲ್ಮೈಯ ಗೀರುಗಳು ಇನ್ನೂ ಆಳವಾಗಿದ್ದರೂ ರಬ್ಬರಿನ ವಯಸ್ಸು ಅಲ್ಲಿ ಬರೆದಿದೆ. ಸರ್ವೀಸ್ ಪಟ್ಟಿಯ ಪಕ್ಕದಲ್ಲಿ ಹೆಚ್ಚಿನವರು ಓದದೆ ಬಿಡುವ ಇನ್ನೊಂದು ಪಟ್ಟಿ ಇರುತ್ತದೆ. ಅದು ಕಠಿಣ ಬಳಕೆಯ ಪಟ್ಟಿ. ಪದೇಪದೇ ಸಣ್ಣ ದೂರದ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್, ಧೂಳಿನ ರಸ್ತೆ, ಇಂಥ ಕಡೆ ಆಯಿಲ್ ಮತ್ತು ಫಿಲ್ಟರನ್ನು ಇನ್ನೂ ಬೇಗ ಬದಲಿಸಿ ಎಂದು ಅದು ಹೇಳುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನವೂ ಓಡುವ ಕಾರು, ರಾಯಚೂರಿನ ಬೇಸಿಗೆಯ ಧೂಳು ಕುಡಿಯುವ ಕಾರು, ಎರಡೂ ಈ ಪಟ್ಟಿಗೇ ಸೇರಿದವು. ನಮ್ಮಲ್ಲಿ ಬಹುಪಾಲು ಕಾರುಗಳ ಮಾಮೂಲು ಬಳಕೆಯೇ ಪುಸ್ತಕದ ಕಣ್ಣಲ್ಲಿ ಕಠಿಣ ಬಳಕೆ. ಈ ಒಂದು ಪುಟ ಓದಿದ್ದರೆ ಎಷ್ಟೋ ಇಂಜಿನ್‌ಗಳು ಇನ್ನೂ ಬಹುಕಾಲ ಬಾಳುತ್ತಿದ್ದವು.

ಕೈಪಿಡಿ ಕೊಡುವ ಅತ್ಯಂತ ಬೆಲೆಯುಳ್ಳ ವಸ್ತು ಅಳತೆ. ಆಯಿಲ್ ಬದಲಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ ಎನ್ನುತ್ತಾರೆ, ಅದನ್ನೇ ಹತ್ತಿರದಿಂದ ನೋಡೋಣ. ಇಂಜಿನ್ನಿನ ತಳದಲ್ಲಿರುವ ಡ್ರೈನ್ ಬೋಲ್ಟನ್ನು ಬಿಚ್ಚಿ ಹಳೆಯ ಆಯಿಲ್ ಇಳಿಸಿ, ಬೋಲ್ಟನ್ನು ಮತ್ತೆ ಬಿಗಿ ಮಾಡುತ್ತಾರೆ. ಸೋರಬಾರದೆಂಬ ಭಯಕ್ಕೆ ಪ್ರತಿ ಸಲವೂ ಒಂದಿಷ್ಟು ಜಾಸ್ತಿಯೇ ಎಳೆಯುತ್ತಾರೆ. ಆಯಿಲ್ ನಿಲ್ಲುವ ತಳದ ತಟ್ಟೆ, ಅಂದರೆ ಸಂಪ್, ಅಲ್ಯೂಮಿನಿಯಂ ಆಗಿದ್ದರೆ ಉಕ್ಕಿನ ಬೋಲ್ಟು ಅದರ ಮರೆಯನ್ನು ಸ್ವಲ್ಪಸ್ವಲ್ಪವೇ ಕೆರೆಯುತ್ತ ಬಂದು ಒಂದು ದಿನ ಬೋಲ್ಟು ಸುಮ್ಮನೆ ತಿರುಗತೊಡಗುತ್ತದೆ. ಆಗ ಎಂ-ಸೀಲ್ ಮೆತ್ತುತ್ತಾರೆ, ಇಲ್ಲವೇ ಇಡೀ ಸಂಪ್ ಬದಲಿಸುತ್ತಾರೆ. ಕೈಪಿಡಿಯಲ್ಲಿ ಈ ಬೋಲ್ಟಿಗೆ ಒಂದು ಅಂಕಿ ಇರುತ್ತದೆ, ಜೊತೆಗೆ ಅದರ ವಾಷರನ್ನು ಪ್ರತಿ ಸಲವೂ ಹೊಸದು ಹಾಕಿ ಎಂಬ ಸಾಲಿರುತ್ತದೆ. ಸೋರದಂತೆ ತಡೆಯುವುದು ಆ ಮೆತ್ತನೆಯ ವಾಷರಿನ ಕೆಲಸ, ತೋಳಿನ ಬಲದ ಕೆಲಸ ಅಲ್ಲ. ಬಿಗಿಯ ಅಂಕಿಯನ್ನು ನ್ಯೂಟನ್-ಮೀಟರ್‌ನಲ್ಲಿ ಬರೆಯುತ್ತಾರೆ. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಹತ್ತು ಕಿಲೋ ತೂಗುಹಾಕಿದರೆ ಬೀಳುವ ತಿರುಚುಬಲ ಸುಮಾರು 98 ನ್ಯೂಟನ್-ಮೀಟರ್. ಟಾರ್ಕ್ ರೆಂಚ್ ಎಂಬ ಉಪಕರಣಕ್ಕೆ ಈ ಅಂಕಿಯನ್ನು ಕಟ್ಟಿಕೊಟ್ಟರೆ ಆ ಬಿಗಿ ಬಂದಾಗ ಅದು ಟಕ್ಕೆಂದು ತಿಳಿಸುತ್ತದೆ. ಚಕ್ರದ ನಟ್ಟಿಗೂ ಸ್ಪಾರ್ಕ್ ಪ್ಲಗ್ಗಿಗೂ ಸಿಲಿಂಡರ್ ಹೆಡ್ಡಿಗೂ ಇಂಥ ಬೇರೆಬೇರೆ ಅಂಕಿಗಳಿವೆ. ಹೆಡ್ಡಿನ ವಿಷಯದಲ್ಲಿ ಯಾವ ಬೋಲ್ಟ್ ಮೊದಲು, ಯಾವುದು ಆಮೇಲೆ ಎಂಬ ಕ್ರಮವೂ ಇದೆ, ತಪ್ಪಿದರೆ ಹೆಡ್ ಸೊಟ್ಟಗಾಗಬಹುದು.

ಬ್ರೇಕ್ ಆಯಿಲ್ ಇನ್ನೊಂದು ಉದಾಹರಣೆ. ಹೆಸರಿಗೆ ಆಯಿಲ್ ಆದರೂ ಅದು ಗ್ಲೈಕಾಲ್ ಆಧಾರಿತ ದ್ರವ, ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ. ಡಾಟ್-3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ದ್ರವ ಶೇ. 3.7ರಷ್ಟು ನೀರು ಹೀರಿದ ಮೇಲೆ ಆ ಮಾನದಂಡ 140 ಡಿಗ್ರಿಗೆ ಇಳಿಯುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬ್ರೇಕ್ ಒತ್ತುತ್ತಲೇ ಇಳಿಯುವಾಗ ಚಕ್ರದ ಬಳಿ ಹುಟ್ಟುವ ಬಿಸಿಗೆ ಹಳೆಯ ದ್ರವ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ದ್ರವದ ಮಟ್ಟ ಸರಿಯಾಗಿಯೇ ಇರುತ್ತದೆ, ನೋಡುವವರಿಗೆ ದೋಷವೇ ಕಾಣದು. ಹೀಗಾಗಿ ಕೈಪಿಡಿಗಳು ಇದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಕೆಟ್ಟಾಗ ಮಾತ್ರ ರಿಪೇರಿ ಎಂಬ ನಮ್ಮ ರೂಢಿಯಲ್ಲಿ ಇಂಥ ಕೆಲಸಗಳಿಗೆ ಜಾಗವೇ ಇಲ್ಲ, ಏಕೆಂದರೆ ಸದ್ದು ಮಾಡದ, ಸೋರದ, ದೀಪ ಹತ್ತಿಸದ ದೋಷ ಗ್ಯಾರೇಜಿನವರೆಗೆ ಬರುವುದೇ ಇಲ್ಲ. ಪುಸ್ತಕದ ಪಟ್ಟಿಯಲ್ಲಿ ಮಾತ್ರ ಅದು ತಪ್ಪದೆ ಬರುತ್ತದೆ.

ಇದನ್ನೆಲ್ಲ ಕೈಯಾರೆ ಮಾಡಲಾಗದವರಿಗೂ ಕೈಪಿಡಿ ಬೇಕು ಎಂದೆ. ರಕ್ತಪರೀಕ್ಷೆಯ ವರದಿಯಲ್ಲಿ ನಮ್ಮ ಅಂಕಿಯ ಪಕ್ಕದಲ್ಲಿ ಇಷ್ಟರಿಂದ ಇಷ್ಟರೊಳಗೆ ಇರಬೇಕು ಎಂದು ಅಚ್ಚಾಗಿರುತ್ತದಲ್ಲ, ಕೈಪಿಡಿಯೂ ಕಾರಿನ ಪ್ರತಿ ಭಾಗಕ್ಕೆ ಹಾಗೊಂದು ಆರೋಗ್ಯದ ಅಂಕಿ ಕೊಡುತ್ತದೆ. ಬೆಳಿಗ್ಗೆ ಸೆಲ್ಫ್ ಎಳೆಯಲು ಕಷ್ಟಪಡುತ್ತಿದೆ ಎಂದಿಟ್ಟುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದರೆ, ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಇಂಜಿನ್ ಓಡುವಾಗ ಅದು ಸುಮಾರು 14 ವೋಲ್ಟಿಗೆ ಏರಬೇಕು. ಏರದಿದ್ದರೆ ತಪ್ಪು ಬ್ಯಾಟರಿಯದಲ್ಲದೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದೋ ವೈರಿನದೋ ಇರಬಹುದು. ಹೊಸ ಬ್ಯಾಟರಿ ಹಾಕಿಸಿದರೆ ಕೆಲವೇ ದಿನ ಸರಿಹೋದಂತೆ ಕಂಡು ಮತ್ತೆ ಅದೇ ಪಾಡು. ಈ ಎರಡು ಅಂಕಿ ತಿಳಿದವರು ಗ್ಯಾರೇಜಿಗೆ ಹೋಗಿ ಕೇಳುವ ಮಾತೇ ಬೇರೆಯಾಗುತ್ತದೆ. ಬಿಲ್ಲಿನ ಪ್ರತಿ ಸಾಲಿಗೂ "ಯಾಕೆ" ಎಂದು ಕೇಳುವ, ಕೊಟ್ಟ ಉತ್ತರವನ್ನು ತೂಗಿ ನೋಡುವ ಸಾಮರ್ಥ್ಯ ಬರುತ್ತದೆ. ಇಟ್ಟುಕೊಳ್ಳುವುದೋ ಮಾರುವುದೋ ಎಂಬ ತೀರ್ಮಾನ ಆಗ ಮಾಲೀಕರ ಕೈಗೇ ಬರುತ್ತದೆ.

ಈ ವಾದಕ್ಕೆ ಮೊದಲ ಆಕ್ಷೇಪ ಇದು: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲಕ್ಕೆ ಇದೆಲ್ಲ ಸರಿ, ಈಗಿನ ಕಾರು ಕಂಪ್ಯೂಟರ್, ಪುಸ್ತಕ ಓದಿ ಏನು ಮಾಡುವುದು? ಮಾರುತಿ 800 ಕಾರಿನ ಕಥೆಯನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರ್‌ನಲ್ಲಿ ಅದು ಬಂದಾಗ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನಿಗೆ ಕಾರ್ಬ್ಯುರೇಟರ್ ಇತ್ತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಕಂಪ್ಯೂಟರ್ ನಿಯಂತ್ರಿಸುವ ಫ್ಯುಯಲ್ ಇಂಜೆಕ್ಷನ್ ಬಂದು ವರ್ಷಗಳೇ ಆಗಿದ್ದವು. ಆದರೂ ಬ್ರೇಕ್, ಕ್ಲಚ್, ಸಸ್ಪೆನ್ಷನ್, ರೇಡಿಯೇಟರ್ ಸವೆಯುವ ರೀತಿ ಬದಲಾಗಲಿಲ್ಲ. ಕಂಪ್ಯೂಟರ್ ಬಂದದ್ದರಿಂದ ಒಂದು ಅನುಕೂಲವೂ ಆಯಿತು. 2013ರ ಏಪ್ರಿಲ್‌ನಿಂದೀಚೆಗೆ ಬಿಎಸ್-4 ಕಾರುಗಳಿಗೆ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆಯಲ್ಲಿ ಸ್ಟೀರಿಂಗಿನ ಕೆಳಭಾಗದ ಆಸುಪಾಸಿನಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಚಿಕ್ಕ ಸ್ಕ್ಯಾನರ್ ಸಿಕ್ಕಿಸಿದರೆ ದೋಷದ ಸಂಕೇತ ಓದಬಹುದು. ಪಿ0301 ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಪಿ0171 ಎಂದರೆ ಗಾಳಿಯ ಪ್ರಮಾಣಕ್ಕೆ ತಕ್ಕಷ್ಟು ಇಂಧನ ಇಲ್ಲ. ಆದರೆ ಸಂಕೇತ ಹೇಳುವುದು ಲಕ್ಷಣ ಮಾತ್ರ. ಎರಡನೆಯ ಸಂಕೇತಕ್ಕೆ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್ ಕಾರಣವಿರಬಹುದು, ಕೊಳೆ ಹಿಡಿದ ಗಾಳಿಯ ಸೆನ್ಸರ್ ಇರಬಹುದು, ಸೋತ ಪೆಟ್ರೋಲ್ ಪಂಪ್ ಇರಬಹುದು. ಯಾವುದನ್ನು ಮೊದಲು ನೋಡಬೇಕು, ಯಾವ ವೈರಿನಲ್ಲಿ ಎಷ್ಟು ವೋಲ್ಟ್ ಬರಬೇಕು, ಬಾರದಿದ್ದರೆ ಮುಂದೆ ಎಲ್ಲಿ ಹುಡುಕಬೇಕು ಎಂದು ಹೆಜ್ಜೆಹೆಜ್ಜೆಯಾಗಿ ತಿಳಿಸುವುದು ಸರ್ವೀಸ್ ಮ್ಯಾನ್ಯುಯಲ್. ಅದಿಲ್ಲದೆ ಸ್ಕ್ಯಾನರ್ ಮಾತ್ರ ಹಿಡಿದವರು ಸೆನ್ಸರ್ ಮೇಲೆ ಸೆನ್ಸರ್ ಬದಲಿಸುತ್ತ ಹೋಗುತ್ತಾರೆ. ಕಾರು ಜಟಿಲವಾದಷ್ಟೂ ಕೈಪಿಡಿಯ ಅಗತ್ಯ ಹೆಚ್ಚುತ್ತದೆ.

ಎರಡನೆಯ ಆಕ್ಷೇಪ ಅಪಾಯದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತೂರುವವರು ಪ್ರಾಣವನ್ನೇ ಪಣಕ್ಕಿಡುತ್ತಾರೆ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದರೆ, ಒತ್ತಡದಲ್ಲಿ ನೂರು ಡಿಗ್ರಿ ದಾಟಿದ್ದ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸಸ್ಪೆನ್ಷನ್ನಿನ ಸ್ಪ್ರಿಂಗ್, ಏರ್‌ಬ್ಯಾಗ್, ಪೆಟ್ರೋಲ್ ಪೈಪ್, ಎಸಿಯ ಅನಿಲ, ಸ್ಟೀರಿಂಗ್, ಬ್ರೇಕಿನ ಒಳಭಾಗಗಳು ಮನೆಯಂಗಳದ ಕೆಲಸಗಳಲ್ಲ. ಆದರೆ ಈ ಮಾತುಗಳನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಹೇಳುವುದೂ ಕೈಪಿಡಿಯೇ. ಕಾರಿನ ತಳದಲ್ಲಿ ಸ್ಟ್ಯಾಂಡ್ ಕೊಡಬೇಕಾದ ಜಾಗ ಯಾವುದು, ಏರ್‌ಬ್ಯಾಗಿನ ಬಳಿ ಕೈಹಾಕುವ ಮುನ್ನ ಬ್ಯಾಟರಿ ಬಿಚ್ಚಿ ಎಷ್ಟು ಹೊತ್ತು ಕಾಯಬೇಕು ಎಂಬುದು ಚಿತ್ರ ಸಮೇತ ಅಲ್ಲಿರುತ್ತದೆ. ಅರಿವಿಲ್ಲದ ಧೈರ್ಯವೇ ಅಪಾಯ ತರುವುದು. ಏರ್ ಫಿಲ್ಟರ್, ವೈಪರ್ ಬ್ಲೇಡ್, ಫ್ಯೂಸ್, ಬಲ್ಬ್, ಬ್ಯಾಟರಿ ಟರ್ಮಿನಲ್ ಶುಚಿ, ಬಾಗಿಲ ಕೆಳಗಿನ ನೀರಿಂಗುವ ತೂತುಗಳನ್ನು ತೆರವು ಮಾಡುವುದು, ಇಂಥವು ಯಾರೂ ಮಾಡಬಹುದಾದ ಕೆಲಸ. ಕರಾವಳಿ, ಮಲೆನಾಡಿನಲ್ಲಿ ಈ ಕೊನೆಯ ಕೆಲಸವೊಂದೇ ಬಾಗಿಲಿನ ತಗಡನ್ನು ಒಳಗಿನಿಂದ ತುಕ್ಕು ತಿನ್ನದಂತೆ ಎಷ್ಟೋ ಮಟ್ಟಿಗೆ ಕಾಪಾಡುತ್ತದೆ.

ಮಾಲೀಕರೇ ಕೆಲಸ ಮಾಡಿಕೊಂಡರೆ ಬೀದಿಯ ಮೆಕ್ಯಾನಿಕ್‌ಗಳ ಹೊಟ್ಟೆಪಾಡೇನು ಎಂದು ಕೇಳುವವರಿದ್ದಾರೆ. ನಮ್ಮ ಊರುಗಳಲ್ಲಿ ಹಳೆಯ ಕಾರುಗಳನ್ನು ಉಳಿಸಿರುವುದೇ ಈ ಮೆಕ್ಯಾನಿಕ್‌ಗಳು. ಹುಡುಗರಾಗಿ ಸೇರಿ, ಮೇಸ್ತ್ರಿಯ ಕೈ ನೋಡುತ್ತ ಕಲಿತವರು ಇಂಜಿನ್ನಿನ ಸದ್ದು ಕೇಳಿಯೇ ದೋಷ ಹಿಡಿಯುತ್ತಾರೆ. ಆ ಕೌಶಲವನ್ನು ಯಾವ ಪುಸ್ತಕವೂ ಕೊಡಲಾರದು. ಆದರೆ ಹತ್ತಾರು ಕಂಪನಿಗಳ ನೂರಾರು ಮಾಡೆಲ್‌ಗಳ ಅಂಕಿಗಳನ್ನು ಯಾರ ನೆನಪೂ ಹೊತ್ತುಕೊಳ್ಳಲಾರದು. ಕಂಪನಿಗಳು ಕೈಪಿಡಿಯನ್ನು ಮುಚ್ಚಿಟ್ಟಾಗ ಮೊದಲ ಏಟು ಬೀಳುವುದು ಇವರಿಗೇ. ಗಿರಾಕಿ ಶೋರೂಮಿಗೆ ಹೋಗುತ್ತಾರೆ, ಇಲ್ಲವೇ ಕಾರನ್ನೇ ಮಾರುತ್ತಾರೆ. ಹಳೆಯ ಕಾರು ಗುಜರಿಗೆ ಹೋದರೆ ಬೀದಿಯ ಗ್ಯಾರೇಜಿಗೆ ಕೆಲಸವೇ ಇಲ್ಲ. ತನ್ನ ಕಾರಿನ ಪುಟವನ್ನು ತೆರೆದುಕೊಂಡು ಬರುವ ಗಿರಾಕಿ ಒಳ್ಳೆಯ ಮೆಕ್ಯಾನಿಕ್‌ಗೆ ಹೊರೆಯಲ್ಲ. ಮಾಡಿದ ಕೆಲಸದ ಬೆಲೆ ತಿಳಿದು ಮಜೂರಿ ಕೊಡುವವರು ಅವರೇ. ಚೌಕಾಸಿಯೆಲ್ಲ ಹುಟ್ಟುವುದು ಏನು ಮಾಡಿದರು ಎಂಬುದು ಗೊತ್ತಿಲ್ಲದ ಕಡೆ.

ವಿಡಿಯೊಗಳಿರುವಾಗ ಪುಸ್ತಕವೇಕೆ ಎಂಬುದು ಇನ್ನೊಂದು ಮಾತು. ಕ್ಲಿಪ್ಪನ್ನು ಯಾವ ಕೋನದಲ್ಲಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಹತ್ತು ಸಾಲಿಗಿಂತ ಒಂದು ವಿಡಿಯೊ ಚೆನ್ನಾಗಿ ತೋರಿಸುತ್ತದೆ, ಒಪ್ಪಬೇಕಾದದ್ದೇ. ಆದರೆ ವಿಡಿಯೊ ತೋರಿಸುವುದು ಒಬ್ಬರು ಒಂದು ಕಾರಿನಲ್ಲಿ ಒಂದು ದಿನ ಮಾಡಿದ್ದನ್ನು. ಒಂದೇ ಹೆಸರಿನ ಕಾರು ಬೇರೆ ದೇಶದಲ್ಲಿ ಬೇರೆ ಇಂಜಿನ್‌ನೊಂದಿಗೆ ಮಾರಾಟವಾಗಿರುತ್ತದೆ, ನಮ್ಮಲ್ಲೂ ವರ್ಷದಿಂದ ವರ್ಷಕ್ಕೆ ಭಾಗಗಳು ಬದಲಾಗಿರುತ್ತವೆ. ಯಾವ ಅಂಕಿ ಯಾವ ಇಂಜಿನ್ನಿಗೆ ಎಂದು ಜವಾಬ್ದಾರಿಯಿಂದ ಬರೆದಿರುವುದು ಕೈಪಿಡಿಯಲ್ಲಿ. ಹಾಗಾಗಿ ಕೈಪಿಡಿ ಹುಡುಕುವವರು ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರ್ ಮತ್ತು ತಯಾರಿಕೆಯ ತಿಂಗಳನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ವಿಡಿಯೊ ನೋಡಿ ಕೈಯ ಚಲನೆ ಕಲಿಯಲಿ, ಅಳತೆಯನ್ನು ಪುಸ್ತಕದಿಂದ ತೆಗೆದುಕೊಳ್ಳಲಿ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಪರಿಸರದ್ದು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಕಾರಿಗೆ ಹೋಲಿಸಿದರೆ ಹಳೆಯ ಕಾರು ಹೆಚ್ಚು ಮಲಿನ ಹೊಗೆ ಬಿಡುತ್ತದೆ, ಅದನ್ನು ಅಲ್ಲಗಳೆಯಲಾಗದು. ಎಲ್ಲ ಹಳೆಯ ಕಾರುಗಳೂ ಎಂದೆಂದಿಗೂ ಓಡಲಿ ಎಂಬುದು ಈ ಲೇಖನದ ಅಭಿಪ್ರಾಯವೂ ಅಲ್ಲ. ತಳಪಾಯವೇ ತುಕ್ಕು ತಿಂದ ಕಾರು, ಆಯಿಲ್ ಸುಡುತ್ತ ನೀಲಿ ಹೊಗೆ ಉಗುಳುವ ಕಾರು ರಸ್ತೆ ಬಿಡಬೇಕು. ಆದರೆ ಯಾವುದು ಅಂಥ ಕಾರು, ಯಾವುದು ಇನ್ನೂ ಗಟ್ಟಿ ಎಂದು ಹೇಳಲು ಅಳತೆ ಬೇಕು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆದು ಕೈಪಿಡಿಯ ಮಿತಿಯೊಂದಿಗೆ ಹೋಲಿಸಿದರೆ ಇಂಜಿನ್ನಿನ ನಿಜಸ್ಥಿತಿ ತಿಳಿಯುತ್ತದೆ. ಚೆನ್ನಾಗಿ ನೋಡಿಕೊಂಡ ಹಳೆಯ ಕಾರಿಗೂ ನಿರ್ಲಕ್ಷ್ಯಕ್ಕೆ ಗುರಿಯಾದ ಹಳೆಯ ಕಾರಿಗೂ ಹೊಗೆಯಲ್ಲಿ ದೊಡ್ಡ ಅಂತರವಿದೆ. ಸವೆದ ಸ್ಪಾರ್ಕ್ ಪ್ಲಗ್‌ನಿಂದಾಗಿ ಉರಿಯದೆ ಹೋದ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಹಾಳುಮಾಡುತ್ತದೆ. ಅಲ್ಲಿಂದ ಮುಂದೆ ಹೊಗೆ ಶೋಧಿಸುವ ವ್ಯವಸ್ಥೆಯೇ ಇಲ್ಲದಂತಾಗುತ್ತದೆ. ಹೊಸ ಕಾರು ಕಟ್ಟಲು ಬೇಕಾದ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ವಿದ್ಯುತ್ತಿಗೂ ಪರಿಸರ ಬೆಲೆ ತೆರುತ್ತದೆ. ತಿಂಗಳಿಗೆ ಕೆಲವೇ ನೂರು ಕಿಲೋಮೀಟರ್ ಓಡುವ ಕಾರನ್ನು ಸುಸ್ಥಿತಿಯಲ್ಲಿಡುವುದು ವಿವೇಕದ ಆಯ್ಕೆಯಾಗಿರಲು ಸಾಧ್ಯವಿದೆ.

ಹಾಗಾದರೆ ಈ ಕೈಪಿಡಿ ಎಲ್ಲಿ ಸಿಗುತ್ತದೆ? ನಮ್ಮಲ್ಲಿ ಅಡಚಣೆ ಇರುವುದು ಇಲ್ಲೇ. ಬಿಡಿಭಾಗ, ದೋಷ ಪತ್ತೆಯ ಉಪಕರಣ ಮತ್ತು ತಾಂತ್ರಿಕ ಮಾಹಿತಿಯನ್ನು ಕಂಪನಿಗಳು ಸ್ವತಂತ್ರ ಗ್ಯಾರೇಜುಗಳಿಗೆ ಕೊಡುತ್ತಿಲ್ಲ ಎಂಬ ದೂರು 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಇವುಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ಸಿಗುವಂತೆ ಮಾಡಬೇಕು, ಹೊರಗಿನ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು ಎಂದೂ ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿ, ಗಮನ ಕೊಡಬೇಕಾದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳನ್ನೂ ಸೇರಿಸಿತು, ಮಾಹಿತಿಗಾಗಿ ಪೋರ್ಟಲ್ ಕೂಡ ಬಂತು. ಆದರೆ ಪೋರ್ಟಲ್ ಬೇರೆ, ಕಡ್ಡಾಯ ಬೇರೆ. ಯುರೋಪ್ ಒಕ್ಕೂಟ 2007ರ ನಿಯಮದಲ್ಲೇ ಸ್ವತಂತ್ರ ದುರಸ್ತಿಗಾರರಿಗೆ ಮಾಹಿತಿ ಕೊಡುವುದನ್ನು ಕಂಪನಿಗಳ ಕರ್ತವ್ಯವಾಗಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಇಂಥದೇ ಕಾನೂನಿಗೆ ಭಾರಿ ಬಹುಮತ ಕೊಟ್ಟರು, ಎರಡು ವರ್ಷದೊಳಗೆ ಕಂಪನಿಗಳು ಅದನ್ನು ದೇಶಕ್ಕೆಲ್ಲ ಅನ್ವಯಿಸಲು ಒಪ್ಪಂದ ಮಾಡಿಕೊಂಡವು. ಕಾರಿನ ಬೆಲೆಯಲ್ಲಿ ಅದರ ವಿನ್ಯಾಸದ ಖರ್ಚೂ ಸೇರಿರುವಾಗ ಅದನ್ನು ಉಳಿಸಿಕೊಳ್ಳುವ ತಿಳಿವಳಿಕೆ ಕೊಂಡವರಿಗೆ ಸಲ್ಲಬೇಕಾದದ್ದು. ಕನಿಷ್ಠ ಒಂದು ಮಾಡೆಲ್‌ನ ತಯಾರಿಕೆ ನಿಂತ ಮೇಲಾದರೂ ಅದರ ಸರ್ವೀಸ್ ಮ್ಯಾನ್ಯುಯಲ್ ಎಲ್ಲರಿಗೂ ತೆರೆದಿರಬೇಕು.

ಸಿಕ್ಕರೂ ಅದು ಇಂಗ್ಲಿಷಿನಲ್ಲೇ ಇದ್ದರೆ ಅರ್ಧ ಪ್ರಯೋಜನ. ಟಾರ್ಕ್, ಗ್ಯಾಸ್ಕೆಟ್, ಬೇರಿಂಗ್ ಇವೆಲ್ಲ ಗ್ಯಾರೇಜಿನ ಕನ್ನಡದಲ್ಲಿ ಆಗಲೇ ಬೇರೂರಿವೆ, ಹೊಸ ಪದ ಟಂಕಿಸುವ ಗೋಜೇ ಬೇಡ. ಬೇಕಿರುವುದು ಆ ಪದಗಳ ಸುತ್ತ ನೇರವಾದ ಕನ್ನಡ ವಾಕ್ಯಗಳು. ಕಸುಬಿನವರೇ ಕಸುಬಿನ ಬಗ್ಗೆ ಬರೆಯಬಲ್ಲರು ಎಂಬುದಕ್ಕೆ ನಮ್ಮಲ್ಲಿ ಸಾಕ್ಷಿ ಇದೆ. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು, ತೋಟದ ಅನುಭವವನ್ನು ಇನ್ನೊಬ್ಬ ಕೃಷಿಕರು ಬಳಸಿಕೊಳ್ಳುವಂತೆ ಬರೆಸಿತು. ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಪಡೆಯುವ ಹುಡುಗರು, ಪಾಠ ಹೇಳುವ ಶಿಕ್ಷಕರು, ಬೀದಿಯ ಹಿರಿಯ ಮೇಸ್ತ್ರಿಗಳು ಸೇರಿ, ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಹತ್ತು ಹಳೆಯ ಮಾಡೆಲ್‌ಗಳನ್ನು ಹೇನ್ಸ್ ಮಾಡಿದಂತೆ ಬಿಚ್ಚಿ, ಫೋಟೊ ತೆಗೆದು, ಕನ್ನಡದಲ್ಲಿ ಬರೆದಿಟ್ಟರೆ ಅದು ದೊಡ್ಡ ಸೇವೆಯಾಗುತ್ತದೆ. ಆ ಹುಡುಗರಿಗೂ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಸಿಗಲಾರದು.

ಅಲ್ಲಿಯವರೆಗೆ ಕಾಯುವ ಅಗತ್ಯವೂ ಇಲ್ಲ. ಗ್ಲವ್ ಬಾಕ್ಸ್‌ನ ಪುಸ್ತಕ ಕಳೆದುಹೋಗಿದ್ದರೆ ಕಂಪನಿಯ ಜಾಲತಾಣದಲ್ಲಿ ಅದು ಬಹುಮಟ್ಟಿಗೆ ಸಿಗುತ್ತದೆ. ಅದರ ಸರ್ವೀಸ್ ಪಟ್ಟಿಯಲ್ಲಿ ತಿಂಗಳ ಲೆಕ್ಕವನ್ನೂ ಕಠಿಣ ಬಳಕೆಯ ಪುಟವನ್ನೂ ಮೊದಲು ಓದಿ. ಒಂದು ನೋಟ್‌ಬುಕ್ಕಿನಲ್ಲಿ ಯಾವ ತಾರೀಖು, ಎಷ್ಟು ಕಿಲೋಮೀಟರ್, ಏನು ಬದಲಿಸಿದ್ದು, ಯಾವ ಪಾರ್ಟ್ ನಂಬರ್ ಎಂದು ಬರೆಯುತ್ತ ಬನ್ನಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆದು, ಅದು ಎಷ್ಟು ಸವೆದಿದೆ ಎಂದು ತೋರಿಸಲು ಹೇಳಿ. ಎರಡು ವರ್ಷ ಹೀಗೆ ನಡೆದರೆ ಆ ನೋಟ್‌ಬುಕ್ಕೇ ನಿಮ್ಮ ಕಾರಿನ ಅತ್ಯುತ್ತಮ ಕೈಪಿಡಿಯಾಗುತ್ತದೆ. ಕಾರನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಅದರ ಪುಟಗಳ ಮೇಲೆ ನೀವೇ ತೀರ್ಮಾನಿಸಬಹುದು. ಬಿಡಬೇಕೆಂದು ತೋರಿದರೂ ಚಿಂತೆಯಿಲ್ಲ, ಆ ಪುಸ್ತಕವನ್ನು ಕಾರಿನ ಜೊತೆಗೇ ಮುಂದಿನವರಿಗೆ ಕೊಡಿ. ಅವರು ಕೊಡುವ ಹಣದಲ್ಲಿ ಒಂದಷ್ಟು ಪಾಲು ನ್ಯಾಯವಾಗಿ ಆ ಪುಸ್ತಕಕ್ಕೇ ಸಲ್ಲುತ್ತದೆ.